ಪರಪುರುಷನ ಪ್ರಮಾಣ

ಚನ್ನವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಕಿವಿ ಚುರುಕಾಗಿದ್ದವು. ಅವಳ ಸೋದರತ್ತೆ ಮಾನವ್ವನಿಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಇಬ್ಬರ ಪೈಕಿ ಯಾರ ಮಾತು ನಡೆಯುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಕನ್ನಡ ಸೀಮೆಗಳೆಲ್ಲ ಕೂಡಿ ಒಂದು ರಾಜ್ಯವಾದ ಮರುವರ್ಷದ ಸುಗ್ಗಿ. ನರೇಗಲ್ಲಿನ ಕಾಳಿನ ವ್ಯಾಪಾರಿ ಗುರುಸಂಗಪ್ಪನ ಮನೆಗೆ ಅವನ ಮಗಳು ಚನ್ನವ್ವನನ್ನು ನೋಡಲು ಗಜೇಂದ್ರಗಡದಿಂದ ಇಬ್ಬರು ಬಂದರು. ಒಬ್ಬ ವರ, ಮಹಾಲಿಂಗಪ್ಪ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ತಂದೆ ಇಲ್ಲದ ಹುಡುಗನಾದ್ದರಿಂದ ಜೊತೆಗೆ ಅವನ ಸೋದರಮಾವ ಶಿವನಪ್ಪ ಬಂದಿದ್ದ. ಅವನದು ಗಜೇಂದ್ರಗಡದ ಪೇಟೆಯಲ್ಲಿ ಕೈಮಗ್ಗದ ಸೀರೆಯ ಅಂಗಡಿ.

ಚನ್ನವ್ವ ಎತ್ತರದ ಹುಡುಗಿ. ಓಣಿಯ ಹೆಣ್ಣುಮಕ್ಕಳು ನೀರು ಹೊತ್ತು ಬರುವಾಗ ಹಿತ್ತಲ ಗೋಡೆಯ ಮೇಲೆ ಕೊಡಗಳಷ್ಟೇ ಸಾಲಾಗಿ ತೇಲಿಕೊಂಡು ಹೋಗುತ್ತಿದ್ದವು. ಚನ್ನವ್ವನದಾದರೆ ಕೊಡವೂ ಕಾಣುತ್ತಿತ್ತು, ಮುಖವೂ ಕಾಣುತ್ತಿತ್ತು, ಕೊರಳಲ್ಲಿ ಲಿಂಗದ ದಾರವೂ ಕಾಣುತ್ತಿತ್ತು. ಹಿಂದೆ ಶಿರೋಳದಿಂದ ಬಂದಿದ್ದ ವರ ಅವಳನ್ನು ಕಂಡು ಕುಳಿತಲ್ಲಿಂದ ಎದ್ದ, ನೋಡಿದ, ಮತ್ತೆ ಕುಳಿತ. “ಇನ್ನೂ ಬೆಳಿಯಾಕತ್ತಾಳೇನ್ರಿ?” ಎಂದು ಗುರುಸಂಗಪ್ಪನನ್ನೇ ಕೇಳಿದ. ರೋಣದಿಂದ ಬಂದ ವರನ ತಾಯಿ, “ಹುಡುಗಿ ಚಲೋನ ಅದಾಳ್ರಿ, ಆದ್ರ ನಮ್ಮ ಮನಿ ಜಂತಿ ಭಾಳ ಕೆಳಗದಾವ” ಎಂದು ಹೇಳಿ ಹೋದಳು. ಆಮೇಲೆ ಬರುವವರೂ ಕಡಿಮೆಯಾದರು. ಹೀಗಿರುವಾಗ ಈ ಮಹಾಲಿಂಗಪ್ಪ ತಲಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದದ್ದನ್ನು ಚನ್ನವ್ವ ಅಡುಗೆಮನೆಯ ಕದದ ಸಂದಿಯಿಂದ ಕಂಡಳು. ಆ ಬಾಗಿಲಿಗೆ ತಲೆ ಬಗ್ಗಿಸುವವಳು ಆ ತನಕ ಊರಲ್ಲಿ ಅವಳೊಬ್ಬಳೇ ಇದ್ದಳು. ಅವಳ ಮನಸ್ಸು ಅಲ್ಲಿಗೇ ಒಪ್ಪಿತು.

ಮಾನವ್ವ ಮಾಡಿದ ಒಗ್ಗರಣೆ ಮಂಡಕ್ಕಿಯ ತಟ್ಟೆಗಳನ್ನು ಅವರ ಮುಂದೆ ಇಟ್ಟು ಚನ್ನವ್ವ ಒಳಗೆ ಬಂದಳು. ಗುರುಸಂಗಪ್ಪ ಎಲೆ ಅಡಿಕೆ ತರಲು ಎದ್ದು ಹೋದ. ಪಡಸಾಲೆಯಲ್ಲಿ ಮಾವ ಅಳಿಯ ಇಬ್ಬರೇ ಉಳಿದರು. ಕದದ ಹಿಂದೆ ಚನ್ನವ್ವ ನಿಂತಳು. ಅವಳನ್ನು ಒಂದಿಷ್ಟು ಸರಿಸಿ ಮಾನವ್ವ ತನ್ನ ಚಲೋ ಕಿವಿಯನ್ನು ಸಂದಿಗೆ ಹಚ್ಚಿದಳು.

“ಹ್ಯಾಂಗಾತೋ?” ಎಂದು ಶಿವನಪ್ಪ ಸಣ್ಣ ದನಿಯಲ್ಲಿ ಕೇಳಿದ್ದು ಕೇಳಿಸಿತು.

ಮಹಾಲಿಂಗಪ್ಪ ಒಂದೇ ಒಂದು ಮಾತು ಹೇಳಿದ: “ಪ್ರಪೋರ್ಷನೇಟ್.”

ಶಿವನಪ್ಪ “ಹೂಂ” ಎಂದ. ಮುಂದೆ ಮಾತಿಲ್ಲ. ಎಲೆ ಅಡಿಕೆ ಆಯಿತು. ಚನ್ನವ್ವನ ಉಡಿಯಲ್ಲಿ ಒಂದು ತೆಂಗಿನಕಾಯಿ, ಕುಪ್ಪಸಕ್ಕೆ ಒಂದು ಗುಳೇದಗುಡ್ಡದ ಕಣ ಹಾಕಿ, “ತಿಳಿಸಿ ಕಳಸ್ತೇವ್ರಿ” ಎಂದು ಬಸ್ಸಿಗೆ ಹೋದರು.

ಅವರು ಓಣಿಯ ತಿರುವು ದಾಟುವ ತನಕ ತಡೆದುಕೊಂಡಿದ್ದ ಮಾನವ್ವ ಆಮೇಲೆ ಎದೆ ಬಡಿದುಕೊಂಡಳು.

“ಕೇಳಿದ್ಯೇನ ಕಲ್ಲವ್ವಾ! ಆ ಮಾಸ್ತರ ಏನಂದ ಕೇಳಿದ್ಯೇನ! ಪರಪುರುಷನ್ನ ನೆಟ್ಟಗ ನೋಡ್ಯಾಳಂತ! ನಮ್ಮ ಚನ್ನಿ!”

ಚನ್ನವ್ವನ ತಾಯಿ ಕಲ್ಲವ್ವನ ಕೈಯಿಂದ ತಟ್ಟೆ ಜಾರಿತು. “ಯಾವ ಪರಪುರುಷರೀ ಅಕ್ಕಾರ?”

“ಅದನ್ನ ಅವರನ್ನ ಕೇಳಬೇಕು. ‘ಪರಪುರುಷನ ನೆಟ್ಟಾ’ ಅಂದ. ನನ್ನ ಈ ಕಿವಿಲೆ ಕೇಳೀನಿ.”

“ಅತ್ತೀ, ಅವರು ಹಂಗ ಅನ್ನಲಿಲ್ಲ” ಎಂದಳು ಚನ್ನವ್ವ. “ಪ್ರಪೋರ್ಷನೇಟ್ ಅಂದ್ರು. ಅದು ಇಂಗ್ಲೀಷ್ ಮಾತು.”

“ಕೇಳ್ರಿ! ಮತ್ತ ಅದನ್ನ ಅನ್ನಾಕತ್ತಾಳ! ನಾಚಿಕಿ ಇಲ್ಲದಾಕಿ!”

ಮನೆಯಲ್ಲಿ ಪರಪುರುಷನ ಹುಡುಕಾಟ ಶುರುವಾಯಿತು. ಬಂದವರು ಬಂದಾಗ ಮನೆಯಲ್ಲಿ ಗಂಡಸು ಎಂದರೆ ಗುರುಸಂಗಪ್ಪ ಒಬ್ಬನೇ. ಎತ್ತು ಕಟ್ಟಲು ಬಂದ ಆಳು ಹನಮಪ್ಪನಿಗೆ ಎಪ್ಪತ್ತರ ಮೇಲೆ ವಯಸ್ಸು, ಕಣ್ಣೂ ಕಾಣುತ್ತಿರಲಿಲ್ಲ. ಕೊನೆಗೆ ಮಾನವ್ವನ ದೃಷ್ಟಿ ಪಡಸಾಲೆಯ ಗೋಡೆಗೆ ಹೋಯಿತು. ಅಲ್ಲೊಂದು ಫೋಟೋ ಇತ್ತು: ಜರಿ ರುಮಾಲು, ಹುರಿ ಮೀಸೆ, ಕೈಯಲ್ಲಿ ಬೆತ್ತ. ಗದಗಿನ ಪೇಟೆಯಲ್ಲಿ ಗುರುಸಂಗಪ್ಪ ಫೋಟೋ ಹಾಕುವ ಒಂದು ಕಟ್ಟು ಕೊಂಡಾಗ ಅದರೊಳಗೇ ಬಂದ ಮನುಷ್ಯ ಅವನು. ಅವನನ್ನು ತೆಗೆದು ತಮ್ಮ ತಂದೆಯ ಫೋಟೋ ಹಾಕುವುದೆಂದು ಗುರುಸಂಗಪ್ಪ ಅಂದುಕೊಂಡಿದ್ದ. ಆದರೆ ತಂದೆ ಫೋಟೋ ತೆಗೆಸಿರಲೇ ಇಲ್ಲ. ಹಾಗಾಗಿ ಆ ಮನುಷ್ಯ ಉಳಿದುಕೊಂಡ. ಹಬ್ಬಕ್ಕೆ ಅವನಿಗೂ ಒಂದು ಹೂವು ಏರಿಸುವುದು ರೂಢಿಯಾಗಿತ್ತು.

“ಇವನ!” ಎಂದಳು ಮಾನವ್ವ. “ಚನ್ನಿ ತಟ್ಟಿ ಇಡೂ ಮುಂದ ತಲಿ ಎತ್ತಿದ್ಲು. ಎತ್ತಿದ್ರ ಇವನ ಮಾರಿನ ಕಾಣ್ತೈತಿ. ಮಾಸ್ತರ ಅದನ್ನ ನೋಡ್ಯಾನ.”

“ಅಕ್ಕಾ, ಫೋಟೋ ಅದು” ಎಂದ ಗುರುಸಂಗಪ್ಪ.

“ಫೋಟೋದಾಗ ಇದ್ರ ಗಂಡಸಲ್ಲೇನು?”

ಆ ಹೊತ್ತಿಗೇ ರುಮಾಲಿನವನನ್ನು ಇಳಿಸಿ ಕಾಳಿನ ಚೀಲಗಳ ಹಿಂದೆ ಗೋಡೆಯ ಕಡೆ ಮುಖ ಮಾಡಿ ಇಟ್ಟರು.

ದಿನಗಳು ಹೋದವು. ವಾರವೂ ಕಳೆಯಿತು. ಗಜೇಂದ್ರಗಡದಿಂದ ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ಬೇಡವಾಗಿದ್ದರೆ ಇಷ್ಟೊತ್ತಿಗೆ ಯಾರ ಕೈಲಾದರೂ ಹೇಳಿ ಕಳಿಸುತ್ತಿದ್ದರು. ಬೇಕಾಗಿದ್ದರೆ ತಾವೇ ಬರುತ್ತಿದ್ದರು. ಚನ್ನವ್ವ ಬೀಸುವ ಕಲ್ಲಿನ ಮುಂದೆ ಕುಳಿತು ಆ ಮಾತನ್ನೇ ಬಾಯಲ್ಲಿ ತಿರುವುತ್ತಿದ್ದಳು. ಗೂಟ ಒಂದು ಸುತ್ತು ಬರುವಷ್ಟರಲ್ಲಿ ‘ಪ್ರಪೋರ್’, ಇನ್ನೊಂದು ಸುತ್ತಿಗೆ ‘ಷನೇಟ್’. ಅರ್ಥ ತಿಳಿಯದಿದ್ದರೂ ಆ ಮಾತಿನ ಮೇಲೆ ಅವಳಿಗೆ ಅಕ್ಕರೆ ಹುಟ್ಟಿತ್ತು. ಅವಳನ್ನು ನೋಡಲು ಬಂದವರಲ್ಲಿ ‘ಉದ್ದ’ ಎಂಬ ಮಾತನ್ನು ಬಿಟ್ಟು ಬೇರೆ ಮಾತು ಆಡಿದವನು ಅವನೊಬ್ಬನೇ.

ಕೊನೆಗೆ ಅವಳು ತಂದೆಯ ಮುಂದೆ ಹೋಗಿ ನಿಂತಳು. “ಅಪ್ಪಾ, ನನಗ ಆ ಹುಡುಗ ಮನಸ್ಸಿಗೆ ಬಂದಾನ. ಅತ್ತಿ ಕೇಳಿದ್ದು ಖರೇನೋ, ನಾ ಕೇಳಿದ್ದು ಖರೇನೋ, ಯಾರಿಗರ ಇಂಗ್ಲೀಷ್ ಬರೂವರಿಗೆ ಕೇಳಿ ಬಾ.”

ಸಾಲೆಯ ಮಾಸ್ತರರನ್ನು ಕೇಳಿದರೆ ಸಂಜೆಯೊಳಗೆ ಊರ ಹುಡುಗರ ಬಾಯಿಗೆಲ್ಲ ಬರುತ್ತದೆ ಎಂದು ಗುರುಸಂಗಪ್ಪ ದವಾಖಾನೆಯ ಕಂಪೌಂಡರ ಹೇಮಪ್ಪನ ಕಡೆಗೆ ಹೊರಟ. ಹೇಮಪ್ಪನ ಬಾಯಿ ಬಿಗಿ. ಅವನಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಕನ್ನಡ ನಿಘಂಟೂ ಇತ್ತು. ಚನ್ನವ್ವ ಆ ಮಾತನ್ನು ತಂದೆಯಿಂದ ಪಾಠ ಒಪ್ಪಿಸಿಕೊಂಡಳು. ಗುರುಸಂಗಪ್ಪ ಅದನ್ನು ಬಿದ್ದುಹೋಗದಂತೆ ಬಾಯಲ್ಲಿ ಹಿಡಿದುಕೊಂಡು, ದಾರಿಯಲ್ಲಿ ನಮಸ್ಕಾರ ಅಂದವರಿಗೆ ತಲೆಯಷ್ಟೇ ಅಲ್ಲಾಡಿಸುತ್ತ ಹೋದ.

ತಿರುಗಿ ಬಂದಾಗ ಅವನ ಮುಖ ಕೆಂಪಾಗಿತ್ತು.

“ಹೇಮಪ್ಪ ಏನಂದ್ರಿ?” ಎಂದಳು ಕಲ್ಲವ್ವ.

“ಮಗಳು ಹೇಳಿದ್ದು ಖರೇ. ಇಂಗ್ಲೀಷ್ ಮಾತ ಅದು. ಪುಸ್ತಕದಾಗ ಐತಿ.”

ಚನ್ನವ್ವ ಉಸಿರು ಬಿಟ್ಟಳು. “ಅರ್ಥ ಏನಂತಪಾ?”

“ಪ್ರಮಾಣ.”

“ಪ್ರಮಾಣ? ಬರೇ ಅಷ್ಟನ?”

“ಮುಂದ ಏನೋ ಹೇಳಾಂವ ಇದ್ದ. ಅಷ್ಟರಾಗ ಚೇಳು ಕಡದಾಕಿನ್ನ ಹೊತಗೊಂಡ ಬಂದ್ರು. ಒಳಗ ಓಡಿದ. ಓಡೂ ಮುಂದ ಮತ್ತೊಮ್ಮಿ ಹೇಳಿದ, ಪ್ರಮಾಣ, ಪ್ರಮಾಣ ಅಂತ.”

ಮಾನವ್ವನಿಗೆ ಬೇರೆಯವರು ಹೇಳಿದ ಒಂದು ಮಾತು ಮೊದಲ ಸಲಕ್ಕೇ ಕೇಳಿಸಿದ್ದು ಆ ವರ್ಷದಲ್ಲಿ ಅದೇ ಇರಬೇಕು. “ಬಂತಲ್ಲ ಈಗ ಬಣ್ಣ ಬಯಲಿಗೆ!” ಎಂದು ಎದ್ದು ನಿಂತಳು. “ಪರಪುರುಷನ್ನ ನೋಡಿಲ್ಲಂತ ಹುಡುಗಿ ಪ್ರಮಾಣ ಮಾಡಬೇಕಂತ! ಅವರೂರ ಕಾಲಕಾಲೇಶ್ವರನ ಗುಡ್ಯಾಗ ನಿಂದ್ರಿಸಿ, ಕರ್ಪೂರ ಹಚ್ಚಿ, ಅಂಗೈಯಾಗ ಇಟ್ಟು! ಅದಕ್ಕ ಸುಮ್ಮನ ಕುಂತಾರ ಅವರು. ನಾವ ಕರಕೊಂಡ ಬರಲಿ ಅಂತ ಕಾಯಾಕತ್ತಾರ!”

ಎರಡು ಮಾತೂ ಒಂದಕ್ಕೊಂದು ಬೀಗ, ಬೀಗದ ಕೈಯಂತೆ ಕೂಡಿಕೊಂಡವು. ಕಲ್ಲವ್ವನಿಗೆ ಅಳು ಬಂತು. ಗುರುಸಂಗಪ್ಪನಿಗೆ ಸಿಟ್ಟು ಬಂತು.

“ನನ್ನ ಮಗಳು ಪ್ರಮಾಣ ಮಾಡಬೇಕ? ಅವರ ಕಾಯಿ ಅವರಿಗೆ, ಅವರ ಕಣ ಅವರಿಗೆ! ಐತವಾರ ಮುಂಜಾನಿ ಬಸ್ಸಿಗೆ ಹೋಗಿ ಮಾರಿ ಮ್ಯಾಲ ಒಗದ ಬರ್ತೀನಿ. ತಗೀರಿ ಆ ಕಾಯಿ!”

ಕಲ್ಲವ್ವ ಕಣ್ಣೊರೆಸಿಕೊಂಡು, “ಕಾಯಿ ಚಟ್ನಿ ಆತಲ್ರಿ. ಮೊನ್ನಿ ನೀವು ಎರಡು ಸಲ ಹಾಕಿಸಿಕೊಂಡ್ರಿ” ಎಂದಳು.

“ಹಂಗಾರ ಪೇಟ್ಯಾಗ ಇನ್ನೊಂದು ತರ್ತೀನಿ.”

“ಸಣ್ಣದು ತಾರೋ ಗುರುಸಂಗಾ” ಎಂದಳು ಮಾನವ್ವ. “ಅವರದು ಸಣ್ಣದಿತ್ತು. ದೊಡ್ಡದು ಯಾಕ ಕೊಡಬೇಕು?”

ಚನ್ನವ್ವ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ಕಾಯಿ ತಿರುಗಿ ಹೋದರೆ ಆ ಮನುಷ್ಯನೂ ಹೋದ. ಬಾಗಿಲಿಗೆ ತಲೆ ಬಗ್ಗಿಸುವ ಇನ್ನೊಬ್ಬ ಈ ಸೀಮೆಯಲ್ಲಿ ಹುಟ್ಟಿದ್ದಾನೆಂಬ ಭರವಸೆ ಅವಳಿಗೆ ಇರಲಿಲ್ಲ.

“ನಾನೂ ಬರ್ತೀನಿ” ಎಂದಳು.

“ಹೆಣ್ಣಹುಡುಗಿ ನೀ ಎಲ್ಲಿ ಬರ್ತಿ?”

“ಪ್ರಮಾಣ ಮಾಡಾಕಿ ನಾನಲ್ಲಪಾ? ಮಾಡ್ತೀನೋ ಬಿಡ್ತೀನೋ ನಾನ ಹೇಳ್ತೀನಿ.”

ಗುರುಸಂಗಪ್ಪ ಹೆಂಡತಿಯ ಕಡೆ ನೋಡಿದ. ಕಲ್ಲವ್ವ, “ಹೋಗಲಿ ಬಿಡ್ರಿ. ಹೆಂಗೂ ಮುರಿಯೂದೈತಿ, ಆಕಿ ಎದುರಿಗೇ ಮುರೀಲಿ” ಎಂದಳು. ತನ್ನ ಕಿವಿಯಿಲ್ಲದೆ ಅಲ್ಲಿ ಕೆಲಸ ನಡೆಯುವುದಿಲ್ಲವೆಂದು ಮಾನವ್ವನೂ ಹೊರಟಳು.

ಬಸ್ಸಿನಲ್ಲಿ ಮಾನವ್ವ ತನ್ನ ಬಗಲಿಗೆ ಕುಳಿತವಳಿಗೆ ಗುಟ್ಟಾಗಿ ಎಲ್ಲ ಹೇಳಿದಳು. ಕಿವಿ ಮಂದವಾದವರ ಗುಟ್ಟು ಹೇಗಿರುತ್ತದೆಂದರೆ, ಬಸ್ಸಿನ ಮೇಲೆ ಕುಳಿತಿದ್ದ ಕೋಳಿಯವನೂ ಬಗ್ಗಿ ಕೇಳಿದ. “ಅಕ್ಕಾ, ಸಾವಕಾಶ ಮಾತಾಡು” ಎಂದು ಗುರುಸಂಗಪ್ಪ ಎಷ್ಟು ಸಲ ಅಂದರೂ ಅವಳು, “ಎಲ್ಲಿ ಅವಕಾಶ ಐತೋ, ಬಸ್ಸು ತುಂಬೇತಿ” ಎಂದಳು. ಗಜೇಂದ್ರಗಡದ ನಿಲ್ದಾಣದಲ್ಲಿ ಇಳಿಯುವಾಗ ಕಂಡಕ್ಟರ ಮಹಮ್ಮದಸಾಬ ಚನ್ನವ್ವನಿಗೆ, “ಹೆದರಬ್ಯಾಡ ತಂಗೀ. ಖರೇ ಇದ್ದವರಿಗೆ ಕರ್ಪೂರ ಸುಡೂದುಲ್ಲ” ಎಂದು ಧೈರ್ಯ ಹೇಳಿದ. ಹಿಂದಿನ ಸೀಟಿನವರು, “ಆದ್ರ ಎಣ್ಣಿ ಹಚಗೋವಾ” ಎಂದರು.

ಶಿವನಪ್ಪನ ಅಂಗಡಿ ಪೇಟೆಯ ನಡುವೆ. ಮುಂದೆ ಅಂಗಡಿ, ಹಿಂದೆ ಮನೆ. ಗಾದಿಯ ಮೇಲೆ ಶಿವನಪ್ಪ ಕುಳಿತಿದ್ದ. ರಜೆಯ ದಿನವಾದ್ದರಿಂದ ಮಹಾಲಿಂಗಪ್ಪ ಅಂಗಡಿಯ ಮೂಲೆಯಲ್ಲಿ ಹುಡುಗರ ಪರೀಕ್ಷೆಯ ಕಾಗದ ತಿದ್ದುತ್ತಿದ್ದ. ಇವರನ್ನು ಕಂಡದ್ದೇ ಶಿವನಪ್ಪ ಗಾಬರಿಯಾಗಿ ಎದ್ದ.

“ಬರ್ರಿ ಬರ್ರಿ, ಕುಂಡ್ರಿ! ಏ ಗಾಳೆವ್ವಾ, ನೀರು ತಾರವಾ, ನರೇಗಲ್ಲಿನವರು ಬಂದಾರ.”

“ಕುಂಡ್ರಾಕ ಬಂದಿಲ್ರಿ” ಎಂದು ಗುರುಸಂಗಪ್ಪ ಚೀಲದಿಂದ ಕಾಯಿ ಕಣ ತೆಗೆದು ಗಾದಿಯ ಮೇಲೆ ಇಟ್ಟ. “ತಗೋರಿ ನಿಮ್ಮವು. ಗುಡ್ಯಾಗ ನಿಂತು ಪ್ರಮಾಣ ಮಾಡೂ ಅಂಥಾ ತಪ್ಪು ನನ್ನ ಮಗಳು ಮಾಡಿಲ್ಲ.”

ಶಿವನಪ್ಪ ಕಾಯಿ ನೋಡಿದ, ಕಣ ನೋಡಿದ, ಗುರುಸಂಗಪ್ಪನ ಮುಖ ನೋಡಿದ. “ಯಾವ ಪ್ರಮಾಣರಿ?”

“ಪರಪುರುಷನ ಪ್ರಮಾಣ!” ಎಂದಳು ಮಾನವ್ವ. ಎದುರಿನ ಕಿರಾಣಿ ಅಂಗಡಿಯಲ್ಲಿ ಬೆಲೆ ಮಾಡುತ್ತಿದ್ದವರು ಮಾತು ನಿಲ್ಲಿಸಿದರು.

“ಯಾವ ಪರಪುರುಷ?”

“ಅದನ್ನ ನಿಮ್ಮ ಅಳಿಯನ್ನ ಕೇಳ್ರಿ. ನಮ್ಮ ಪಡಸಾಲ್ಯಾಗ ಕುಂತು ಅಂದಾನ. ಆ ಫೋಟೋ ನಮ್ಮವರದಲ್ಲ, ಗದಗದಾಗ ಕಟ್ಟಿನ ಜೋಡಿ ಬಂದೈತಿ!”

ಮಹಾಲಿಂಗಪ್ಪ ಕೆಂಪು ಮಸಿಯ ಪೆನ್ನು ಹಿಡಿದುಕೊಂಡೇ ಎದ್ದ. ಅಂಗಡಿಯ ಅಟ್ಟ ತಗ್ಗಾಗಿದ್ದರಿಂದ ಅರ್ಧಕ್ಕೇ ಬಾಗಿ ನಿಂತ. “ನಾ ಯಾರಿಗೂ ಏನೂ ಅಂದಿಲ್ರಿ” ಎಂದ.

ಗುರುಸಂಗಪ್ಪ ಬಾಯಿ ತೆರೆಯುವ ಮೊದಲೇ ಚನ್ನವ್ವ ಮುಂದೆ ಬಂದಳು. “ಅಂದೀರಿ. ‘ಪ್ರಪೋರ್ಷನೇಟ್’ ಅಂದೀರಿ. ಅದರ ಅರ್ಥ ಹೇಳ್ರಿ.”

ಮಹಾಲಿಂಗಪ್ಪ ಆ ಮಾತು ಅವಳ ಬಾಯಲ್ಲಿ ಅಷ್ಟು ಸ್ವಚ್ಛವಾಗಿ ಬಂದದ್ದಕ್ಕೆ ಬೆರಗಾಗಿ ನಿಂತುಬಿಟ್ಟ. ಆದರೆ ಅವನಿಗಿಂತ ಹೆಚ್ಚು ಬೆರಗಾದವನು ಶಿವನಪ್ಪ.

“ಹೇಳೋ ಮಾರಾಯಾ” ಎಂದ ಶಿವನಪ್ಪ. “ನನಗೂ ಹೇಳು. ಅವತ್ತಿಂದ ನಿದ್ದಿ ಹತ್ತಿಲ್ಲ ನನಗ.”

“ಯಾಕ ಮಾವಾ?”

“ಯಾಕಂದ್ರ? ‘ಹ್ಯಾಂಗಾತೋ’ ಅಂತ ಕೇಳಿದ್ರ ಇಂಗ್ಲೀಷ್‌ನ್ಯಾಗ ಒಂದ ಮಾತು ಒಗದಿ. ಅದು ಹೌದೋ ಅಲ್ಲೋ ನನಗ ಹ್ಯಾಂಗ ತಿಳೀಬೇಕು? ಅರ್ಥ ಕೇಳಿದ್ರ ‘ನಮ್ಮ ಮಾವ ಏನೂ ಕಲ್ತಿಲ್ಲ’ ಅಂತೀ ಅಂತ ಸುಮ್ಮನ ಕುಂತೀನಿ.”

“ನೀವು ಏನೂ ಅನ್ನಲಿಲ್ಲ. ಅದಕ್ಕ ನಿಮಗ ಆ ಮನಿ ಮನಸ್ಸಿಗೆ ಬಂದಿಲ್ಲ ಅಂತ ತಿಳದಿದ್ದೆ ನಾನು.”

“ಅಯ್ಯ ನಿಮ್ಮ!” ಎಂದಳು ಗಾಳೆವ್ವ. ಅವಳು ಮಹಾಲಿಂಗಪ್ಪನ ತಾಯಿ, ಶಿವನಪ್ಪನ ತಂಗಿ, ಗಿಡ್ಡ ಹೆಂಗಸು. ನೀರಿನ ತಂಬಿಗೆ ಹಿಡಿದುಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. “ದಿನಾ ಒಂದ ಗಂಗಾಳದಾಗ ಉಣ್ಣೂ ಅಂಥಾ ಮಂದಿ, ಒಬ್ಬರನ್ನೊಬ್ಬರು ಕೇಳಾಕ ಏನಾಗಿತ್ತು? ಅರ್ಥ ಹೇಳೋ ಮೊದಲ!”

ಮಹಾಲಿಂಗಪ್ಪ ಪೆನ್ನಿನ ಮುಚ್ಚಳ ಹಾಕಿದ. ಸಾಲೆಯಲ್ಲಾಗಿದ್ದರೆ ಹಲಗೆಯ ಮೇಲೆ ಬರೆದು ಹೇಳುತ್ತಿದ್ದ. “ಪ್ರಮಾಣ ಅಂದ್ರ ಆಣಿ ಅಲ್ರಿ. ಪ್ರಮಾಣ ಅಂದ್ರ ಅಳತಿ. ಎಷ್ಟಕ್ಕ ಎಷ್ಟು ಇರಬೇಕೋ ಅಷ್ಟು. ಹೆಚ್ಚೂ ಅಲ್ಲ, ಕಡಿಮಿನೂ ಅಲ್ಲ, ಒಂದಕ್ಕೊಂದು ತಕ್ಕಷ್ಟು. ಬೈಗುಳ ಅಲ್ಲ, ಹೊಗಳಿಕಿ ಅದು.”

ಅಂಗಡಿಯಲ್ಲಿ ಎಲ್ಲರ ಉಸಿರೂ ಒಟ್ಟಿಗೆ ಇಳಿಯಿತು. ಗುರುಸಂಗಪ್ಪ ಮೆಲ್ಲಗೆ ಗಾದಿಯ ತುದಿಗೆ ಕುಳಿತ. ಚನ್ನವ್ವನ ಕಿವಿಯ ತನಕ ಬೆಚ್ಚಗಾಯಿತು. ತಕ್ಕಷ್ಟು! ಉದ್ದ ಅಲ್ಲ, ತಕ್ಕಷ್ಟು. ಬೀಸುವ ಕಲ್ಲಿನ ಮುಂದೆ ಅಷ್ಟು ದಿನ ತಿರುವಿದ್ದು ಸುಮ್ಮನೆ ಹೋಗಲಿಲ್ಲ.

“ಹಂಗ ಬಿಡಿಸಿ ಹೇಳು” ಎಂದ ಶಿವನಪ್ಪ ಹಿಗ್ಗಿನಿಂದ. “ಅಂದ್ರ ಹುಡುಗಿ ಒಪ್ಪಿಗಿ ಅಂತ ಅವತ್ತ ಹೇಳಿದ್ದಿ!”

ಮಹಾಲಿಂಗಪ್ಪ ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಎಲ್ಲವೂ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಅವನು ನೆಲ ನೋಡುತ್ತ, “ಹುಡುಗಿಗೆ ಅಲ್ಲ ಮಾವಾ. ಮಂಡಕ್ಕಿಗೆ” ಎಂದ.

“ಏನು?”

“ಕೈಯಾಗ ತಟ್ಟಿ ಇತ್ತು. ಹ್ಯಾಂಗಾತೋ ಅಂದ್ರಿ. ಮಂಡಕ್ಕಿ ಕೇಳಾಕತ್ತೀರಿ ಅಂತ ತಿಳದೆ. ಮಂದಿ ಮನ್ಯಾಗ ಕುಂತು ಉಪ್ಪು ಖಾರದ ಮಾತು ಆಡಬಾರದು, ಕೇಳಿದ್ರ ಏನಂತಾರ ಅಂತ ಇಂಗ್ಲೀಷ್‌ನ್ಯಾಗ ಹೇಳಿದೆ. ಉಪ್ಪು, ಖಾರ, ಹುಳಿ ಎಲ್ಲಾ ಹದಕ್ಕ ಇದ್ದುವು.”

ಮಾನವ್ವ ತಮ್ಮನ ತೋಳು ತಿವಿದಳು. “ಏನಂತ?”

ಗುರುಸಂಗಪ್ಪ ಅವಳ ಕಿವಿಗೆ ಕೂಗಿದ: “ನಿನ್ನ ಮಂಡಕ್ಕಿ ಭಾಳ ಚಲೋ ಆಗಿತ್ತಂತ!”

ಮಾನವ್ವನ ಮುಖದ ಮೇಲೆ ಹೊಸ ಬೆಳಕು ಬಂತು. ಎರಡು ಹೆಜ್ಜೆ ಮುಂದೆ ಹೋಗಿ ಮಹಾಲಿಂಗಪ್ಪನನ್ನು ಕಾಲಿನಿಂದ ತಲೆಯ ತನಕ ಮೊದಲ ಸಲ ನೋಡುವವಳಂತೆ ನೋಡಿದಳು. “ನಾ ಅವತ್ತ ಅಂದಿದ್ದೆ, ಹುಡುಗ ಭಾಳ ತಿಳುವಳಿಕಿ ಇದ್ದಾಂವ ಅಂತ” ಎಂದಳು.

ಎಲ್ಲರೂ ನಕ್ಕರು. ಚನ್ನವ್ವ ಮಾತ್ರ ನಗಲಿಲ್ಲ. ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡದ್ದು ಅತ್ತೆಯ ಮಂಡಕ್ಕಿಯ ಪಾಲಾಯಿತಲ್ಲ ಎಂದು ಅವಳಿಗೆ ಅಳುವೂ ಸಿಟ್ಟೂ ಕೂಡಿಯೇ ಬಂತು.

“ಹಂಗಾರ ನನ್ನ ಬಗ್ಗೆ ಏನಂದ್ರಿ?” ಎಂದು ಕೇಳಿಬಿಟ್ಟಳು. “ಮಂಡಕ್ಕಿ ತಂದು ಇಟ್ಟಾಕಿ ನಾನು.”

ನಗೆ ನಿಂತಿತು. ಮಹಾಲಿಂಗಪ್ಪ ಇನ್ನಷ್ಟು ಬಾಗಿದ. “ನಾ ನಿಮ್ಮನ್ನ ನೋಡೇ ಇಲ್ರಿ. ತಲಿನ ಎತ್ತಿಲ್ಲ.”

“ಯಾಕ?”

“ನರಗುಂದದಾಗ ಒಂದ ಮನ್ಯಾಗ ಎತ್ತಿದ್ದೆ. ಎದ್ದು ನಿಂತು ನಮಸ್ಕಾರ ಮಾಡಿದೆ. ಆ ಹುಡುಗಿ ‘ಅವ್ವಾ’ ಅಂತ ಚೀರಿ ಒಳಗ ಓಡಿದ್ಲು. ಸಾಲ್ಯಾಗ ಹುಡುಗರು ನನಗ ಕಂಬದ ಮಾಸ್ತರ ಅಂತಾರ. ಕುಂತಷ್ಟೊತ್ತು ಚಲೋ, ತಲಿ ಬಗ್ಗಿಸಿದಷ್ಟು ಚಲೋ ಅಂತ ತಟ್ಟಿ ನೋಡಕೋತ ಕುಂತಿದ್ದೆ.”

ಇದನ್ನು ಹೇಳುವಾಗ ಅವನ ದನಿಯಲ್ಲಿ ಮಾಸ್ತರಿಕೆ ಚೂರೂ ಇರಲಿಲ್ಲ. ಚನ್ನವ್ವನಿಗೆ ಶಿರೋಳದವನು ಎದ್ದು ಮತ್ತೆ ಕುಳಿತದ್ದು ನೆನಪಾಯಿತು. ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

“ಹೊರಗ ಬರ್ರಿ” ಎಂದಳು. “ಅಲ್ಲಿ ಅಟ್ಟ ಇಲ್ಲ. ನೆಟ್ಟಗ ನಿಂದ್ರಿ.”

ಮಹಾಲಿಂಗಪ್ಪ ಕಾಗದಗಳನ್ನು ದಾಟಿ, ಗಾದಿ ಇಳಿದು, ಅಂಗಡಿಯ ಮುಂದಿನ ಬಯಲಿಗೆ ಬಂದು ಬೆನ್ನು ನೆಟ್ಟಗೆ ಮಾಡಿದ. ಚನ್ನವ್ವ ಎದುರಿಗೆ ನಿಂತಳು. ಅವಳು ಒಬ್ಬ ಗಂಡಸಿನ ಕಣ್ಣು ನೋಡಲು ಕತ್ತು ಮೇಲಕ್ಕೆ ಎತ್ತಬೇಕಾಗಿ ಬಂದದ್ದು ಅದೇ ಮೊದಲು. ಹೆಚ್ಚಲ್ಲ, ನಾಲ್ಕು ಬೆರಳಿನಷ್ಟು.

“ಈಗ ನೋಡಿದ್ಯಲ್ಲ? ಹ್ಯಾಂಗಾತು ಹೇಳು” ಎಂದ ಶಿವನಪ್ಪ. ಮಹಾಲಿಂಗಪ್ಪ “ಪ್ರ...” ಎನ್ನುವಷ್ಟರಲ್ಲೇ, “ಕನ್ನಡದಾಗ ಹೇಳೋ ನಿನಗ ಕೈ ಮುಗೀತೀನಿ!” ಎಂದು ಕೂಗಿದ.

ಇಂಗ್ಲಿಷ್ ಮಾಸ್ತರನಿಗೆ ಕನ್ನಡ ಬರಲಿಲ್ಲ. ಕೊನೆಗೆ ಚನ್ನವ್ವನೇ ಕೇಳಿದಳು: “ಆ ಮಾತು ಮನುಷ್ಯಾರಿಗೂ ಹತ್ತೈತೇನ್ರಿ, ಬರೇ ಮಂಡಕ್ಕಿಗೇನು?”

“ಹತ್ತೈತ್ರಿ. ಆದ್ರ ಒಂದಕ್ಕ ಹತ್ತೂದುಲ್ಲ. ಎರಡು ಬೇಕು. ಇದು ಅದಕ್ಕ ತಕ್ಕಷ್ಟು ಅನ್ನಬೇಕು.”

“ಯಾವ ಎರಡು?”

“ಒಂದು ನೀವು” ಎಂದು ಅವನು ತಡೆದ.

ಅವನ ಮಾತಿನ ಬಾಲ ಮಾತ್ರ ಕೇಳಿಸಿದ್ದ ಮಾನವ್ವ ಮುಂದೆ ನುಗ್ಗಿದಳು. “ಇನ್ನೊಬ್ಬ ಯಾಂವ? ಮತ್ತ ಬಂದ್ನಲ್ಲವಾ ಪರಪುರುಷ!”

ಎದುರಿನ ಕಿರಾಣಿ ಅಂಗಡಿಯವನು ತಕ್ಕಡಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಗುರುಸಂಗಪ್ಪ ಅಕ್ಕನ ರಟ್ಟೆ ಹಿಡಿದು ಹಿಂದೆ ಎಳೆದು, “ಒಪ್ಯಾನಂತಬೇ, ಒಪ್ಯಾನ!” ಎಂದು ಕೂಗಿದ.

“ಉಪ್ಪಾ? ಉಪ್ಪು ಬರೋಬರಿ ಇತ್ತಂತ ಆಗಲೇ ಹೇಳಿದ್ನಲ್ಲೋ!”

ಗಾಳೆವ್ವ ಈ ಗದ್ದಲಕ್ಕೆ ಬೇಸತ್ತು ಬಂದು ಚನ್ನವ್ವನ ಕೈ ಹಿಡಿದಳು. “ಇವರದು ಹಿಂಗ ನಡೀಲಿ. ನಿನಗ ಒಪ್ಪಿಗಿ ಐತೇನವ್ವಾ? ನೀನ ಹೇಳು.”

ಚನ್ನವ್ವ ಬಯಲಿನಲ್ಲಿ ಒಬ್ಬನೇ ನೆಟ್ಟಗೆ ನಿಂತಿದ್ದ ಮಹಾಲಿಂಗಪ್ಪನ ಕಡೆ ಒಮ್ಮೆ ನೋಡಿದಳು. ಆಮೇಲೆ ಶಿವನಪ್ಪನ ಕಡೆ ತಿರುಗಿ, “ಸೀರಿ ಮಾತ್ರ ಸ್ವಲ್ಪ ಅಗಲ ಇರೂದು ನೇಯಿಸ್ರಿ ಮಾವಾರ. ಪೇಟ್ಯಾಗ ಸಿಗೂ ಸೀರ್ಯಾಗ ನನ್ನ ಕಾಲು ಕಾಣ್ತಾವ” ಎಂದಳು.

ಶಿವನಪ್ಪ ಅಂಗಡಿಯ ಕಟ್ಟೆಗೆ ಬಡಿದು ನಕ್ಕ. ಗಾಳೆವ್ವ ಅವಳನ್ನು ಕೈ ಬಿಡದೆ ಒಳಗೆ ಕರೆದುಕೊಂಡು ಹೋದಳು. ಎಲ್ಲರ ಬಾಯಿ ಸಿಹಿ ಮಾಡಬೇಕಲ್ಲ. ಬೆಲ್ಲದ ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿತ್ತು. ಇಲಿಯ ಕಾಟಕ್ಕೆ ಮಗ ಅಲ್ಲಿ ಇಟ್ಟಿದ್ದ. “ತಡಿ, ಅವನ್ನ ಕರೀತೀನಿ” ಎಂದು ಗಾಳೆವ್ವ ತಿರುಗುವಷ್ಟರಲ್ಲಿ ಚನ್ನವ್ವ ಕೈ ಚಾಚಿ ಡಬ್ಬಿ ಇಳಿಸಿ ಒಲೆಯ ಕಟ್ಟೆಯ ಮೇಲೆ ಇಟ್ಟಳು.

ಗಾಳೆವ್ವ ಡಬ್ಬಿ ನೋಡಿದಳು, ಹಲಗೆ ನೋಡಿದಳು, ಹುಡುಗಿಯನ್ನು ನೋಡಿದಳು.

“ಇನ್ನ ಮ್ಯಾಲ ಬೆಲ್ಲ ಬೇಕಂದ್ರ ಸಾಲಿ ಬಿಡೂತನಕ ಕಾಯೂದ ಬ್ಯಾಡ ನೋಡು” ಎಂದು, ಒಂದು ದೊಡ್ಡ ಚೂರು ಮುರಿದು ಮೊದಲು ಅವಳ ಬಾಯಿಗೇ ಹಾಕಿದಳು.